ವಿನ್ಯಾಸಕಾರರ ತಂಡಕ್ಕೆ ಎಂಥ ಮುಂದಾಳು ಬೇಕು?

ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗುವ ಎಚ್‌ಎಂಟಿ ಲಿಂಕ್ ರೋಡಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ, ಅಂದರೆ ಎನ್‌ಐಡಿಯ, ಬೆಂಗಳೂರು ಕ್ಯಾಂಪಸ್ ಇದೆ. ಮೊಬೈಲ್ ಪರದೆಯ ಮೇಲೆ ಬೆರಳು ಎಲ್ಲಿಗೆ ಹೋಗುತ್ತದೆ, ಅಂಕಿಅಂಶದ ರಾಶಿಯನ್ನು ಕಣ್ಣು ಹೇಗೆ ಓದುತ್ತದೆ ಎಂಬಂಥ ವಿಷಯಗಳನ್ನು ಅಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತಾರೆ. ರಸ್ತೆಗೆ ಹೆಸರು ಕೊಟ್ಟ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲೇ ಸುತ್ತಮುತ್ತ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ, ಜಾಲಹಳ್ಳಿಯ ಬಿಇಎಲ್, ಅವುಗಳಾಚೆ ಪೀಣ್ಯದ ಶೆಡ್ಡುಗಳು. ಊರಿನ ಇನ್ನೆರಡು ಅಂಚುಗಳಲ್ಲಿ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ. ಬೆಂಗಳೂರಿನ ಈ ಹೊರ ಅಂಚುಗಳಲ್ಲಿ ಏಳು ದಶಕಗಳಿಂದ ಜನ ಏನನ್ನಾದರೂ ವಿನ್ಯಾಸ ಮಾಡುತ್ತಲೇ ಇದ್ದಾರೆ: ಲೇತು, ಕೈಗಡಿಯಾರ, ಮತಯಂತ್ರ, ಕಾರು, ಇಸಿಜಿ ಯಂತ್ರ, ಬ್ಯಾಂಕಿನ ಆ್ಯಪು.

ಇವರನ್ನು ನಡೆಸುವುದು ಹೇಗೆ ಎಂಬ ಜಗಳವೂ ಅಷ್ಟೇ ಹಳೆಯದು. ವಿನ್ಯಾಸಕಾರರಿಗೆ ಗಡುವೆಂದರೆ ಲೆಕ್ಕಕ್ಕಿಲ್ಲ ಎನ್ನುವುದು ಮ್ಯಾನೇಜರ್‌ಗಳ ದೂರು. ಎಲ್ಲ ತೀರ್ಮಾನ ಆದಮೇಲೆ ಬಣ್ಣ ಬಳಿಯಲು ಕರೆಯುತ್ತಾರೆ ಎನ್ನುವುದು ವಿನ್ಯಾಸಕಾರರ ದೂರು. ಬಿಗಿ ಹಿಡಿದರೆ ಹೊಸದೇನೂ ಹುಟ್ಟುವುದಿಲ್ಲ, ಸಡಿಲ ಬಿಟ್ಟರೆ ಏನೂ ಮುಗಿಯುವುದಿಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ನನಗನ್ನಿಸುವಂತೆ ಬಿಗಿಯೋ ಸಡಿಲವೋ ಎಂಬುದು ಎರಡನೆಯ ಪ್ರಶ್ನೆ. ‘ಇದು ಹೀಗೇ ಇರಲಿ’ ಎಂದು ಹೇಳುವ ಹಕ್ಕು ಯಾರ ಕೈಯಲ್ಲಿದೆ ಎಂಬುದು ಮೊದಲನೆಯದು. ಒಂದೊಂದು ಪಂಥ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ.

ಡ್ರಾಯಿಂಗ್ ಆಫೀಸಿನಿಂದ ಡಿಸೈನ್ ಸ್ಟುಡಿಯೊವರೆಗೆ

1953ರಲ್ಲಿ ಎಚ್‌ಎಂಟಿ ಶುರುವಾದಾಗ ಲೇತಿನ ವಿನ್ಯಾಸ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ ಬಂತು. 1961ರಲ್ಲಿ ಕೈಗಡಿಯಾರ ಮಾಡಹೊರಟಾಗ ಜಪಾನಿನ ಸಿಟಿಜನ್ ಕೈಜೋಡಿಸಿತು. ಆ ಕಾಲದ ಡ್ರಾಯಿಂಗ್ ಆಫೀಸಿನ ಮುಖ್ಯ ಕೆಲಸ ಹೊರಗಿನಿಂದ ಬಂದ ನಕ್ಷೆಯನ್ನು ಇಲ್ಲಿನ ಕಚ್ಚಾ ಮಾಲಿಗೆ, ಇಲ್ಲಿನ ಯಂತ್ರಗಳಿಗೆ ಹೊಂದಿಸಿಕೊಳ್ಳುವುದು. ಚೀಫ್ ಡ್ರಾಫ್ಟ್ಸ್‌ಮನ್ ಮೇಲೆ, ಅವರ ಕೆಳಗೆ ಡ್ರಾಫ್ಟ್ಸ್‌ಮನ್‌ಗಳು, ಅವರ ಕೆಳಗೆ ಟ್ರೇಸರ್‌ಗಳು. ತಪ್ಪು ಗೆರೆ ಎಳೆದವನ ಮುಂದೆ ಹಾಳೆ ವಾಪಸು ಬಂದು ಬೀಳುತ್ತಿತ್ತು. 1962ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ನೆರವಿನಿಂದ ಸಿಎಂಟಿಐ ಹುಟ್ಟಿದ್ದು ನಾವೇ ಯಂತ್ರ ವಿನ್ಯಾಸ ಮಾಡಬೇಕೆಂಬ ಹಟದಿಂದ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ತಲೆ ಎತ್ತಿತ್ತು. ಆದರೆ ಜಾಲಹಳ್ಳಿಯ ಇಂಜಿನಿಯರಿಗೂ ಅಹಮದಾಬಾದಿನ ಕಲಾವಿದನಿಗೂ ಬಹುಕಾಲ ಪರಿಚಯವೇ ಆಗಲಿಲ್ಲ.

ಜಾಲಹಳ್ಳಿಯ ಇಂಜಿನಿಯರಿಗೆ ರೂಪ ಕೊಡುವವರ ಪರಿಚಯವಾದ ಒಂದು ಅಪರೂಪದ ಪ್ರಸಂಗ ವಿದ್ಯುನ್ಮಾನ ಮತಯಂತ್ರದ್ದು. ಬಿಇಎಲ್ ತಯಾರಿಸಿದ ಈ ಯಂತ್ರಕ್ಕೆ ಇವತ್ತು ನಾವು ನೋಡುವ ರೂಪ ಕೊಟ್ಟವರು ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಅಕ್ಷರ ಬಾರದವರೂ ಒತ್ತಬಲ್ಲ ನೀಲಿ ಗುಂಡಿ, ಪಕ್ಕದಲ್ಲೇ ಚಿಹ್ನೆ, ಹೊತ್ತಿಕೊಳ್ಳುವ ಕೆಂಪು ದೀಪ. ಸರ್ಕ್ಯೂಟಿನವರು ಮತ್ತು ರೂಪದವರು ಒಂದೇ ಮೇಜಿಗೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಜನ ಮುಟ್ಟಿದ ಉದಾಹರಣೆ ದೇಶದಲ್ಲಿ ಸಿಗಲಿಕ್ಕಿಲ್ಲ.

ಅತ್ತ ಪೀಣ್ಯ 1970ರ ದಶಕದ ಕೊನೆಗೆ ಬೆಳೆಯತೊಡಗಿತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಕೇರಳದ ನೆಟ್ಟೂರಿನಲ್ಲಿ ಹುಟ್ಟಿ ಪೀಣ್ಯದಲ್ಲಿ ಬೇರುಬಿಟ್ಟ ಎನ್‌ಟಿಟಿಎಫ್, ಇವೆರಡರಿಂದ ಹೊರಬಂದ ಹುಡುಗರು ಡೈ, ಮೋಲ್ಡ್, ಫಿಕ್ಸ್ಚರ್ ವಿನ್ಯಾಸದಲ್ಲಿ ಕೈ ಪಳಗಿಸಿಕೊಂಡರು. 1979ರಲ್ಲಿ ಶುರುವಾದ ಏಸ್ ಡಿಸೈನರ್ಸ್ ಹೆಸರಿನಲ್ಲೇ ತನ್ನ ಕಸುಬನ್ನು ಹೇಳಿಕೊಂಡು, ಮುಂದೆ ಸಿಎನ್‌ಸಿ ಲೇತುಗಳ ದೊಡ್ಡ ತಯಾರಕನಾಯಿತು. ಡಿಸೈನ್ ಎಂದಕೂಡಲೇ ಬಣ್ಣದ ಅಂಟುಚೀಟಿ, ದೊಡ್ಡ ಪರದೆಯ ಕಂಪ್ಯೂಟರ್ ನೆನೆಯುವವರು ಪೀಣ್ಯದ ಈ ಪರಂಪರೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ದೊಡ್ಡ ಅನ್ಯಾಯ.

ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಕನಸು ಕಂಡ ಎಲೆಕ್ಟ್ರಾನಿಕ್ ಸಿಟಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎದ್ದಿತು. 1990ರ ದಶಕದಲ್ಲಿ ಅಲ್ಲಿಗೆ ಇನ್ಫೋಸಿಸ್ ಬಂತು, ವೈಟ್‌ಫೀಲ್ಡಿನಲ್ಲಿ ಸಿಂಗಪುರದ ಸಹಭಾಗಿತ್ವದ ಐಟಿ ಪಾರ್ಕ್ ಬಂತು. ಅಲ್ಲಿನ ಐಟಿಪಿಬಿ ರಸ್ತೆಯ ಟಾಟಾ ಎಲೆಕ್ಸಿಯಂಥ ಕೆಲವು ಕಂಪನಿಗಳು ವಿನ್ಯಾಸವನ್ನೇ ಒಂದು ಸೇವೆಯಾಗಿ ಮಾರಿದವು. ಉಳಿದ ಹೆಚ್ಚಿನ ಕಡೆ ಗಿರಾಕಿ ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವುದೇ ವ್ಯಾಪಾರ. ಪರದೆ ಹೇಗಿರಬೇಕೆಂದು ಅಮೆರಿಕದಲ್ಲಿ ನಿರ್ಧಾರವಾಗಿರುತ್ತಿತ್ತು. 2007ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ವಿನ್ಯಾಸ ನೀತಿಯನ್ನು ಒಪ್ಪಿತು. ಸುಮಾರು ಅದೇ ಹೊತ್ತಿಗೆ ಎನ್‌ಐಡಿ ತುಮಕೂರು ರಸ್ತೆಗೆ ಬಂತು. 2015ರಲ್ಲಿ ವಿಪ್ರೊ ಡೆನ್ಮಾರ್ಕಿನ ವಿನ್ಯಾಸ ಸಂಸ್ಥೆ ಡಿಸೈನಿಟ್ ಅನ್ನು ಕೊಂಡಿತು. ಇನ್ಫೋಸಿಸ್ 2017ರಲ್ಲಿ ಲಂಡನ್ನಿನ ಬ್ರಿಲಿಯಂಟ್ ಬೇಸಿಕ್ಸ್, 2018ರಲ್ಲಿ ಸಿಯಾಟಲಿನ ವಾಂಗ್‌ಡೂಡಿಯನ್ನು ಕೊಂಡಿತು. ಸಾಫ್ಟ್‌ವೇರ್ ಬರೆಯುವವರ ನಡುವೆ ವಿನ್ಯಾಸಕಾರರ ತಂಡ ಎಂಬುದೊಂದು ಹೀಗೆ ದೊಡ್ಡದಾಗಿ ಬಂದು ಕೂತಿತು. ಆಗ ಶುರುವಾಯಿತು ನೋಡಿ, ಇವರನ್ನು ಯಾರು ಹೇಗೆ ನಡೆಸಬೇಕೆಂಬ ಚರ್ಚೆ.

ಒಬ್ಬರ ಕಣ್ಣು, ಒಬ್ಬರ ಮಾತು

ಮೊದಲ ಪಂಥ ಅತ್ಯಂತ ಹಳೆಯದು. ಒಳ್ಳೆಯ ವಿನ್ಯಾಸ ಒಂದು ಮನಸ್ಸಿನಿಂದ, ಹೆಚ್ಚೆಂದರೆ ಒಮ್ಮತವಿರುವ ಎರಡು ಮೂರು ಮನಸ್ಸುಗಳಿಂದ ಬರುತ್ತದೆ. ಉಳಿದವರ ಕೆಲಸ ಅದನ್ನು ಆಗುಮಾಡುವುದು. ಐಬಿಎಂನ ದೊಡ್ಡ ಸಾಫ್ಟ್‌ವೇರ್ ಯೋಜನೆಯೊಂದನ್ನು ನಡೆಸಿ ಸುಸ್ತಾಗಿದ್ದ ಫ್ರೆಡ್ ಬ್ರೂಕ್ಸ್ 1975ರ ‘ದ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ನೂರು ಒಳ್ಳೆಯ ಆದರೆ ಪರಸ್ಪರ ಹೊಂದದ ಯೋಚನೆಗಳಿಗಿಂತ, ಕೆಲವನ್ನು ಕೈಬಿಟ್ಟಾದರೂ ಒಂದೇ ಯೋಚನೆಗೆ ನಿಷ್ಠವಾಗಿರುವ ವ್ಯವಸ್ಥೆ ಮೇಲು ಎಂಬುದು ಅವರ ನಿಲುವು.

ಪೀಣ್ಯದ ಟೂಲ್ ರೂಮುಗಳು ಬ್ರೂಕ್ಸ್ ಅವರನ್ನು ಓದದೆಯೇ ಈ ಪಂಥಕ್ಕೆ ಸೇರಿದವು. ಅಲ್ಲಿ ಹಿರಿಯ ಡಿಸೈನರ್ ನಕ್ಷೆಯ ಮೇಲೆ ಸಹಿ ಹಾಕದೆ ಉಕ್ಕು ಯಂತ್ರಕ್ಕೆ ಏರುವುದಿಲ್ಲ. ಕಾರಣ ಸರಳ: ಡೈ ತಪ್ಪಾದರೆ ಉಕ್ಕೂ ಹೋಯಿತು, ವಾರಗಟ್ಟಲೆ ಕೆಲಸವೂ ಹೋಯಿತು. ತಪ್ಪಿನ ಬೆಲೆ ದೊಡ್ಡದಿರುವಲ್ಲಿ ಒಬ್ಬರ ಕಣ್ಣಿಗೆ ಬೆಲೆ ಇರುತ್ತದೆ. ಇಲ್ಲಿ ಇನ್ನೊಂದನ್ನೂ ಹೇಳಬೇಕು. ಪೀಣ್ಯದಲ್ಲಿ ಎಲ್ಲರೂ ಎಲ್ಲರಿಗೂ ‘ಸಾರ್’ ಎನ್ನುತ್ತಾರೆ, ಆದರೆ ‘ಸಾರ್, ಈ ಮೂಲೆಗೆ ಟೂಲ್ ಹೋಗಲ್ಲ’ ಎಂದು ಟರ್ನರ್ ಇಂಜಿನಿಯರಿಗೆ ಮುಖಕ್ಕೆ ಹೇಳುತ್ತಾನೆ. ವೈಟ್‌ಫೀಲ್ಡಿನಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ, ಅಪ್ರೈಸಲ್ ಹತ್ತಿರವಾದಾಗ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಈ ಪಂಥದ ದೊಡ್ಡ ಗೆಲುವು ಎಲೆಕ್ಟ್ರಾನಿಕ್ ಸಿಟಿ ದಾಟಿ ಅತ್ತಿಬೆಲೆಯಾಚೆಗೆ, ಹೊಸೂರಿನಲ್ಲಿ ನಡೆಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಕಟ್ಟಿದ ಟೈಟನ್‌ಗೆ ಮೊದಲ ಮುಖ್ಯಸ್ಥರಾಗಿದ್ದ ಜರ್ಕ್ಸೀಸ್ ದೇಸಾಯಿ ರುಚಿಯ ವಿಚಾರದಲ್ಲಿ ರಾಜಿಯಾಗದ ಮನುಷ್ಯ. ಅತಿ ತೆಳುವಾದ ಗಡಿಯಾರ ಬೇಕೆಂದು ಪಟ್ಟು ಹಿಡಿದವರಲ್ಲಿ ಅವರೇ ಮುಂದು. ವರ್ಷಗಳ ಕೆಲಸದ ನಂತರ 2002ರಲ್ಲಿ ಮಾರುಕಟ್ಟೆಗೆ ಬಂದ ‘ಎಡ್ಜ್’ ಕೇವಲ 3.5 ಮಿಲಿಮೀಟರ್ ದಪ್ಪ. ಒಳಗಿನ ಯಂತ್ರಭಾಗ 1.15 ಮಿಲಿಮೀಟರ್. ಕೇಸು, ಬ್ಯಾಟರಿ, ಗಾಜು, ನೀರು ಒಳನುಗ್ಗದಂತೆ ಮಾಡುವ ಬಿಗಿತ ಎಲ್ಲವನ್ನೂ ಒಟ್ಟಿಗೆ ಮತ್ತೆ ಯೋಚಿಸದೆ ಇಂಥದ್ದು ಸಾಧ್ಯವಿರಲಿಲ್ಲ. ‘ದಪ್ಪ ಸ್ವಲ್ಪ ಹೆಚ್ಚಾದರೇನಂತೆ’ ಎಂಬ ಮಾತಿಗೆ ಮೇಲಿನಿಂದಲೇ ಬಾಗಿಲು ಮುಚ್ಚಿದ್ದರಿಂದ ಅದು ಸಾಧ್ಯವಾಯಿತು. ಇಂದು ಟೈಟನ್‌ನ ಮುಖ್ಯ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ, ಮುಖ್ಯ ವಿನ್ಯಾಸಾಧಿಕಾರಿ ಎಂಬ ಹುದ್ದೆಯೂ ಇದೆ.

ಒಂದು ವಸ್ತುವಿನ ಎಲ್ಲ ಭಾಗಗಳೂ ಒಂದೇ ದನಿಯಲ್ಲಿ ಮಾತಾಡುವುದು ಹೇಗೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆ ಒಬ್ಬರು ಎದ್ದು ಹೋದಮೇಲೆ ಏನು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಒಳ್ಳೆಯ ಗುರುವಿನ ಕೈಕೆಳಗೆ ಬೆಳೆದವರು ಸ್ವಂತ ಸ್ಟುಡಿಯೊ ಕಟ್ಟುತ್ತಾರೆ. ಟೈಟನ್‌ನಲ್ಲಿ ವಿನ್ಯಾಸ ವಿಭಾಗ ನಡೆಸಿದ್ದ ಮೈಕೆಲ್ ಫೋಲಿ ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ತೆರೆದು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕ್ವೀನ್ಸ್ ಬ್ಯಾಟನ್ ರೂಪಿಸಿದರು. ಊರಿಗೆ ಇದು ಲಾಭ. ಒಬ್ಬರನ್ನೇ ನೆಚ್ಚಿಕೊಂಡ ಕಂಪನಿಗೆ ಪೆಟ್ಟು.

ವಿಧಾನ ಗೊತ್ತಿದ್ದರೆ ಸಾಕೆ?

ಎರಡನೆಯ ಪಂಥ ಗುರುವನ್ನು ನಂಬುವುದಿಲ್ಲ, ಕ್ರಮವನ್ನು ನಂಬುತ್ತದೆ. ವಿನ್ಯಾಸವನ್ನು ಹಂತಹಂತವಾಗಿ ಬಿಡಿಸಿ ಕಲಿಸಬಹುದಾದರೆ ಯಾರು ಬೇಕಾದರೂ ತಂಡ ನಡೆಸಬಹುದು ಎನ್ನುತ್ತದೆ. 1962ರ ಲಂಡನ್ ಸಮ್ಮೇಳನದಿಂದ ಬಲಗೊಂಡ ಈ ಚಳವಳಿಯ ಹೆಸರಾಂತ ಪುಸ್ತಕ ಕ್ರಿಸ್ಟಫರ್ ಅಲೆಕ್ಸಾಂಡರ್ ಅವರ ‘ನೋಟ್ಸ್ ಆನ್ ದ ಸಿಂಥೆಸಿಸ್ ಆಫ್ ಫಾರ್ಮ್’ (1964). ಅದರಲ್ಲಿ ಬಿಡಿಸಿ ತೋರಿಸಿರುವ ಉದಾಹರಣೆ ಭಾರತದ ಒಂದು ಹಳ್ಳಿಯದು. ಕೆಲವೇ ವರ್ಷಗಳಲ್ಲಿ ಅಲೆಕ್ಸಾಂಡರ್ ಅವರೇ ವಿಧಾನದ ವ್ಯಾಮೋಹದಿಂದ ದೂರ ಸರಿದರು. 1973ರಲ್ಲಿ ರಿಟ್ಟೆಲ್ ಮತ್ತು ವೆಬರ್, ಸಮಾಜದ ಸಮಸ್ಯೆಗಳು ಗಣಿತದ ಲೆಕ್ಕದಂತೆ ಒಮ್ಮೆಗೇ ಬಿಡಿಸಿ ಮುಗಿಯುವಂಥವಲ್ಲ ಎಂದು ಬರೆದರು.

ಇಷ್ಟಾದರೂ ವಿಧಾನ ಹೊಸ ವೇಷದಲ್ಲಿ ಮರಳಿತು, ‘ಡಿಸೈನ್ ಥಿಂಕಿಂಗ್’ ಎಂಬ ಹೆಸರಿನಲ್ಲಿ. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿಯ ಸ್ಥಾಪಕರಲ್ಲೊಬ್ಬರಾದ ಹ್ಯಾಸೊ ಪ್ಲಾಟ್ನರ್ ಸ್ಟ್ಯಾನ್‌ಫರ್ಡ್‌ನ ವಿನ್ಯಾಸ ಶಾಲೆಯಾದ ಡಿ.ಸ್ಕೂಲಿಗೆ ಹಣ ಕೊಟ್ಟರು. 1998ರಿಂದ ಬೆಂಗಳೂರಿನಲ್ಲಿರುವ ಎಸ್‌ಎಪಿ ಲ್ಯಾಬ್ಸ್ ಮೂಲಕ ಆ ಮಾತು ವೈಟ್‌ಫೀಲ್ಡಿಗೂ ಮುಟ್ಟಿತು. ಎಸ್‌ಎಪಿಯಿಂದ ಬಂದ ವಿಶಾಲ್ ಸಿಕ್ಕಾ 2014ರ ಆಗಸ್ಟಿನಲ್ಲಿ ಇನ್ಫೋಸಿಸ್ ಮುಖ್ಯಸ್ಥರಾದಮೇಲೆ ಲಕ್ಷಕ್ಕೂ ಹೆಚ್ಚು ನೌಕರರಿಗೆ ಈ ತರಬೇತಿ ನಡೆಯಿತು. ಅದರ ಹಂತಗಳು ಐದು: ಬಳಕೆದಾರನನ್ನು ನೋಡು, ಸಮಸ್ಯೆಯನ್ನು ಹೊಸದಾಗಿ ಹೇಳು, ಹತ್ತಾರು ಯೋಚನೆ ಹಾಕು, ಬೇಗ ಒಂದು ಮಾದರಿ ಮಾಡು, ಅದನ್ನು ಬಳಕೆದಾರನ ಕೈಗೆ ಕೊಟ್ಟು ನೋಡು. 2017ರ ಆಗಸ್ಟಿನಲ್ಲಿ ಸಿಕ್ಕಾ ಹೊರನಡೆದರು.

ಆ ತರಬೇತಿಯಿಂದ ಆದದ್ದೇನು? ‘ಹೇಳಿದ್ದನ್ನು ಮಾಡುವುದಕ್ಕೆ ಮುಂಚೆ ಯಾಕೆ ಎಂದು ಕೇಳಬಹುದು’ ಎಂಬ ಧೈರ್ಯವನ್ನು ಈ ತರಬೇತಿ ಪ್ರೋಗ್ರಾಮರ್‌ಗಳಿಗೆ ಕೊಟ್ಟಿತು. ಸೇವಾ ಕಂಪನಿಗಳ ಸಂಸ್ಕೃತಿಯಲ್ಲಿ ಇದು ಸಣ್ಣದಲ್ಲ. ಆದರೆ ಆ ‘ಯಾಕೆ’ಗೆ ಉತ್ತರ ಬಂದಮೇಲೆ ಕಾಂಟ್ರಾಕ್ಟನ್ನು ಬದಲಿಸುವ ಅಧಿಕಾರ ಅದೇ ಕೈಗೆ ಬರಲಿಲ್ಲ. ಗೋಡೆ ತುಂಬ ಚೀಟಿ ಅಂಟಿಸಿ ಕೊನೆಗೆ ಹಳೆಯ ಸ್ಪ್ರಿಂಟಿಗೇ, ಅಂದರೆ ಮೊದಲೇ ಗೊತ್ತುಮಾಡಿದ ಕೆಲಸದ ಕಂತಿಗೇ, ಮರಳುವ ತಂಡಗಳನ್ನು ಈ ಊರಿನಲ್ಲಿ ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ.

ಎಲ್ಲರೂ ಕೂತು ಯೋಚನೆ ಹಾಕುವ ಪದ್ಧತಿಯ ಮೇಲೂ ಪುರಾವೆ ಅಷ್ಟು ದಯೆ ತೋರುವುದಿಲ್ಲ. ಅಲೆಕ್ಸ್ ಆಸ್ಬಾರ್ನ್ ಜನಪ್ರಿಯಗೊಳಿಸಿದ ಬ್ರೇನ್‌ಸ್ಟಾರ್ಮಿಂಗನ್ನು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ, ಒಟ್ಟಿಗೆ ಕೂತವರಿಗಿಂತ ಒಂಟಿಯಾಗಿ ಕೂತ ಅಷ್ಟೇ ಜನರ ಪಟ್ಟಿಗಳನ್ನು ಸೇರಿಸಿದರೆ ಹೆಚ್ಚು ಯೋಚನೆಗಳು ಸಿಕ್ಕವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬ್ ಕಾರಣ ಹುಡುಕಿದರು: ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ಯೋಚನೆ ಜಾರುತ್ತದೆ. 1996ರಲ್ಲಿ ಸಟನ್ ಮತ್ತು ಹಾರ್ಗಡನ್, ಐಡಿಯೊ ಎಂಬ ವಿನ್ಯಾಸ ಸಂಸ್ಥೆಯೊಳಗೆ ಕೂತು ನೋಡಿ ಬೇರೆ ಮಾತು ಹೇಳಿದರು. ಅಲ್ಲಿನ ಸಭೆಗಳಲ್ಲಿ ಯೋಚನೆಗಳ ಎಣಿಕೆ ಮುಖ್ಯವಲ್ಲ, ಹಳೆಯ ಕೆಲಸಗಳ ನೆನಪು ಒಬ್ಬರಿಂದೊಬ್ಬರಿಗೆ ಹೋಗುವುದು ಮುಖ್ಯ ಎಂದು. ಅಂದರೆ ಹೇಳಿಕೊಳ್ಳಲು ಹಳೆಯ ಕೆಲಸಗಳ ಗಂಟು ಇರುವವರ ನಡುವೆ ಆ ಸಭೆಗೆ ಅರ್ಥ. ಹೊಸಬರ ಎರಡು ದಿನದ ವರ್ಕ್‌ಶಾಪಿನಿಂದ ಅಷ್ಟನ್ನು ನಿರೀಕ್ಷಿಸಲಾಗದು. ವಿನ್ಯಾಸಕಾರ್ತಿ ನತಾಶಾ ಜೆನ್ 2017ರ ತಮ್ಮ ಭಾಷಣದಲ್ಲಿ ಡಿಸೈನ್ ಥಿಂಕಿಂಗನ್ನು ಬೊಗಳೆ ಎಂದೇ ಕರೆದರು. ಐದು ಹಂತಗಳಲ್ಲಿ ಕಟು ವಿಮರ್ಶೆಗೆ ಜಾಗವೇ ಇಲ್ಲ ಎಂಬ ಅವರ ಆಕ್ಷೇಪ ಸರಿಯಾದದ್ದು.

ಹೆದರಿಕೆ, ಗಡುವು ಮತ್ತು ದುಡಿಮೆಯ ತಾಸುಗಳು

ಮೂರನೆಯ ಪಂಥದವರು ಮನಶ್ಶಾಸ್ತ್ರದವರು. ಮುಂದಾಳು ಗುರುವಾಗಬೇಕಿಲ್ಲ, ವಿಧಾನವೂ ಎರಡನೆಯದು, ಜನ ಹೆದರದೆ ಕೆಲಸ ಮಾಡುವ ವಾತಾವರಣ ಇದೆಯೇ ಎಂಬುದೇ ಮುಖ್ಯ ಎನ್ನುತ್ತಾರೆ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳ ಸಂಖ್ಯೆ ಹೆಚ್ಚಾಗಿ ಕಂಡಿತು. ಅಲ್ಲಿ ಜನ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ, ಅಷ್ಟೇ. ಮುಂದೆ ತಯಾರಿಕಾ ಕಂಪನಿಯೊಂದರ 51 ತಂಡಗಳನ್ನು ನೋಡಿ 1999ರಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಈ ಚರ್ಚೆಯ ತಳಹದಿ. ಗೂಗಲ್ ತನ್ನ 180 ತಂಡಗಳನ್ನು ಅಳೆದು ನೋಡಿದಾಗಲೂ ಇದೇ ಅಂಶ ಮೇಲೆದ್ದು ಬಂತು.

ಇದೇ ಪಂಥದ ಸಂಶೋಧಕಿ ತೆರೇಸಾ ಅಮಾಬಿಲೆ ಇನ್ನಷ್ಟು ಹತ್ತಿರದಿಂದ ನೋಡಿದರು. ಏಳು ಕಂಪನಿಗಳ 26 ತಂಡಗಳ 238 ಜನರಿಂದ ದಿನಚರಿ ಬರೆಸಿದರು. ಸುಮಾರು 12,000 ದಿನಚರಿ ಬರಹಗಳು ಬಂದವು. ಬಹುಮಾನ, ಹೊಗಳಿಕೆಗಳಿಗಿಂತ ಹೆಚ್ಚಾಗಿ ಜನರನ್ನು ಹುರಿದುಂಬಿಸಿದ್ದು ತಮಗೆ ಅರ್ಥವಿದೆ ಎನಿಸಿದ ಕೆಲಸ ಇವತ್ತು ಒಂದಿಷ್ಟು ಮುಂದೆ ಸಾಗಿತು ಎಂಬ ಭಾವ. ಗಡುವಿನ ಒತ್ತಡ ಹೆಚ್ಚಿದ ದಿನ ಜನ ಹೆಚ್ಚು ಕೆಲಸ ಮಾಡುತ್ತಾರೆ, ಹೊಸದಾಗಿ ಯೋಚಿಸುವುದು ಕಡಿಮೆ. ಆ ಮಂಕು ಮುಂದಿನ ಒಂದೆರಡು ದಿನವೂ ಇರುತ್ತದೆ. ಇದಕ್ಕೆ ಒಂದು ಅಪವಾದವಿದೆ: ತುರ್ತು ನಿಜವಾದದ್ದು ಎಂದು ತಂಡ ನಂಬಿದ್ದರೆ ಮತ್ತು ಅಡಚಣೆಗಳಿಂದ ಅವರನ್ನು ಕಾಪಾಡಿದರೆ ಒತ್ತಡದಲ್ಲೂ ಒಳ್ಳೆಯದು ಹುಟ್ಟುತ್ತದೆ.

ಬೆಂಗಳೂರಿನಲ್ಲಿ ಈ ಮಾತು ಪುಸ್ತಕದೊಳಗೇ ಉಳಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ತಾಸು ದುಡಿಯಲಿ ಎಂದದ್ದು ತಿಂಗಳುಗಟ್ಟಲೆ ಚರ್ಚೆಯಾಯಿತು. 2024ರ ಜುಲೈಯಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ತಾಸಿನವರೆಗೆ ಹಿಗ್ಗಿಸುವ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ತಾಸುಗಳ ಲೆಕ್ಕದಲ್ಲಿ ವಿನ್ಯಾಸ ಅಳೆಯುವವರಿಗೆ ಅಮಾಬಿಲೆಯವರ ದಿನಚರಿಗಳನ್ನು ತೋರಿಸಬೇಕು. ಹಾಗೆಂದು ಈ ಪಂಥ ಎಲ್ಲವನ್ನೂ ವಿವರಿಸುತ್ತದೆ ಎಂದಲ್ಲ. ನಗುನಗುತ್ತ, ಹೆದರದೆ, ಸಾಧಾರಣ ಕೆಲಸ ಮಾಡಿಕೊಂಡಿರುವ ತಂಡಗಳೂ ಇವೆ. ಹೆದರಿಕೆ ಇಲ್ಲದಿದ್ದರೆ ಸತ್ಯ ಹೊರಬರುತ್ತದೆ. ಹೊರಬಂದ ಸತ್ಯವನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂಬುದು ಬೇರೆಯೇ ವಿಷಯ.

ತಂಡ ಎಲ್ಲಿ ಕೂರಬೇಕು?

ನಾಲ್ಕನೆಯ ಪಂಥ ಈ ಬೇರೆ ವಿಷಯವನ್ನೇ ಹಿಡಿಯುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದೂ ಇದೇ. ಒಂದು ಸಂಸ್ಥೆ ಮಾಡುವ ವಸ್ತುವಿನ ರಚನೆ ಆ ಸಂಸ್ಥೆಯೊಳಗಿನ ಮಾತುಕತೆಯ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲಿ ಹೇಳಿದರು. ಯಾರು ಯಾರಿಗೆ ವರದಿ ಮಾಡುತ್ತಾರೆ, ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದೇ ವಿನ್ಯಾಸದ ಅರ್ಧ ಪಾಲನ್ನು ನಿರ್ಧರಿಸುತ್ತದೆ.

ಇಲ್ಲಿ ಎರಡು ಬಣಗಳಿವೆ. ಎಲ್ಲ ವಿನ್ಯಾಸಕಾರರೂ ಒಂದೇ ಸ್ಟುಡಿಯೊದಲ್ಲಿರಲಿ, ಒಬ್ಬರ ಕೆಲಸವನ್ನು ಒಬ್ಬರು ತಿದ್ದಲಿ ಎನ್ನುವುದು ಒಂದು. ಪ್ರತಿ ಉತ್ಪನ್ನದ ತಂಡದೊಳಗೇ ವಿನ್ಯಾಸಕಾರರಿರಲಿ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಕಸುಬು ಬೆಳೆಯುತ್ತದೆ, ಆದರೆ ಸ್ಟುಡಿಯೊ ಅರ್ಜಿ ತೆಗೆದುಕೊಳ್ಳುವ ಕಚೇರಿಯಾಗುತ್ತದೆ. ಎರಡನೆಯದರಲ್ಲಿ ತೀರ್ಮಾನಕ್ಕೆ ಹತ್ತಿರವಿರುತ್ತಾರೆ, ಆದರೆ ಹತ್ತು ಇಂಜಿನಿಯರ್‌ಗಳ ನಡುವೆ ಒಬ್ಬಂಟಿ. ಐಬಿಎಂ 2012ರ ನಂತರ 72 ಜನ ಪ್ರೋಗ್ರಾಮರ್‌ಗಳಿಗೆ ಒಬ್ಬ ವಿನ್ಯಾಸಕಾರ ಎಂಬಂತಿದ್ದ ಪ್ರಮಾಣವನ್ನು ಎಂಟಕ್ಕೊಬ್ಬ ಎಂಬಲ್ಲಿಗೆ ತರಲು ಹೊರಟದ್ದು ಈ ಒಂಟಿತನಕ್ಕೆ ಮದ್ದಾಗಿ.

ಹೊರ ಬೆಂಗಳೂರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಸಮುದ್ರದಾಚೆಯದು. ವೈಟ್‌ಫೀಲ್ಡಿನ ಎಷ್ಟೋ ವಿನ್ಯಾಸ ತಂಡಗಳು ವಿದೇಶಿ ಕಂಪನಿಗಳ ಇಲ್ಲಿನ ಕೇಂದ್ರಗಳಿಗೆ, ಜಿಸಿಸಿಗಳಿಗೆ, ಸೇರಿದವು. ಕರ್ನಾಟಕ ಸರ್ಕಾರ 2024ರ ನವೆಂಬರಿನಲ್ಲಿ ಇವುಗಳಿಗಾಗಿಯೇ ನೀತಿ ತಂದು, 2029ರೊಳಗೆ ಇನ್ನೂ 500 ಕೇಂದ್ರಗಳನ್ನು ಸೆಳೆಯುವ ಗುರಿ ಇಟ್ಟಿತು. ಇಲ್ಲಿನ ಮುಂದಾಳಿಗೆ, ಅಂದರೆ ಲೀಡ್‌ಗೆ, ಹತ್ತು ಜನರ ತಂಡವಿರುತ್ತದೆ, ಬಜೆಟ್ಟಿರುತ್ತದೆ, ಚಂದದ ಆಫೀಸಿರುತ್ತದೆ. ರಾತ್ರಿ ಒಂಬತ್ತರ ಕಾಲ್‌ನಲ್ಲಿ ಅತ್ತ ಕಡೆಯವರು ಬೇಡ ಎಂದರೆ ಮೂರು ವಾರದ ಕೆಲಸ ಮಾಯ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿ ತಿರುಗುಮುರುಗು: ಇಲ್ಲಿನ ಪೂಜಾರಿ ಒಪ್ಪಿದರೂ ದೇವರು ಬೇರೆ ಟೈಮ್ ಝೋನಿನಲ್ಲಿರುತ್ತಾನೆ.

ಅಧಿಕಾರ ಇಲ್ಲಿಗೇ ಬಂದಾಗ ಏನಾಗುತ್ತದೆ ಎನ್ನುವುದಕ್ಕೆ ಜಿಇ ಹೆಲ್ತ್‌ಕೇರ್‌ನ ಬೆಂಗಳೂರು ತಂಡ ರೂಪಿಸಿದ ಮ್ಯಾಕ್ 400 ಇಸಿಜಿ ಯಂತ್ರ ಸಾಕ್ಷಿ. ಗುಂಡಿಗಳನ್ನು ನಾಲ್ಕಕ್ಕೆ ಇಳಿಸಿದರು. ಭಾರಿ ಪ್ರಿಂಟರ್ ಬದಲು ಟಿಕೆಟ್ ಕೊಡುವ ಸಣ್ಣ ಯಂತ್ರದಲ್ಲಿರುವಂಥ ಪ್ರಿಂಟರ್ ಹಾಕಿದರು. ಹೆಗಲಚೀಲದಲ್ಲಿ ಹಿಡಿಯುವ, ಬ್ಯಾಟರಿಯಲ್ಲಿ ಓಡುವ ಯಂತ್ರ ಬಂತು. 2,000 ಡಾಲರಿನ ಜಾಗದಲ್ಲಿ 800 ಡಾಲರು. ಈ ತಂಡ ಬೇರೆಯವರಿಗಿಂತ ಹೆಚ್ಚು ಚೀಟಿ ಅಂಟಿಸಿತ್ತೆಂದು ಯಾರೂ ಹೇಳಿಲ್ಲ. ಏನು ಬಿಡಬೇಕು ಎಂಬುದನ್ನು ಅದು ತಾನೇ ನಿರ್ಧರಿಸಬಹುದಿತ್ತು.

ಬೊಮ್ಮಸಂದ್ರದಲ್ಲಿ 2001ರಿಂದ ರೇವಾ ವಿದ್ಯುತ್ ಕಾರನ್ನು ಮಾಡಿದ ಚೇತನ್ ಮೈನಿಯವರ ತಂಡ, 2018ರಲ್ಲಿ 450 ಸ್ಕೂಟರ್ ಹೊರತಂದು ಮೊದಲ ವರ್ಷಗಳಲ್ಲಿ ವೈಟ್‌ಫೀಲ್ಡಿನಲ್ಲೇ ಜೋಡಿಸಿದ ಏಥರ್, ಇವೆರಡರಲ್ಲೂ ನಕ್ಷೆ ಬರೆಯುವ ಕೈ ಮತ್ತು ಬೋಲ್ಟು ಬಿಗಿಯುವ ಕೈ ಒಂದೇ ಊರಿನಲ್ಲಿದ್ದವು. ರೇವಾ ವ್ಯಾಪಾರದಲ್ಲಿ ದೊಡ್ಡದಾಗಲಿಲ್ಲ, 2010ರಲ್ಲಿ ಮಹೀಂದ್ರದ ಪಾಲಾಯಿತು. ಹಾಗಾಗಿ ಹತ್ತಿರವಿದ್ದರೆ ಗೆದ್ದಂತೆ ಎಂದೇನೂ ನಾನು ಹೇಳಲಾರೆ.

ಬಳಸುವವರಿಗೆ ಮಾತಿದೆಯೇ?

ಐದನೆಯ ಪಂಥ ಸ್ಕ್ಯಾಂಡಿನೇವಿಯಾದ್ದು. 1980ರ ದಶಕದ ಯುಟೋಪಿಯಾ ಯೋಜನೆಯಲ್ಲಿ ಅಲ್ಲಿನ ಮುದ್ರಣ ಕಾರ್ಮಿಕರ ಸಂಘಗಳು, ತಮ್ಮ ಕೆಲಸ ಬದಲಿಸುವ ಕಂಪ್ಯೂಟರ್ ವ್ಯವಸ್ಥೆಯ ವಿನ್ಯಾಸದಲ್ಲಿ ಪಾಲು ಪಡೆದವು. ಮುಂದಾಳಿನ ಕೆಲಸ ಹೊರಗಿನ ದನಿಯನ್ನು ಒಳಗೆ ತರುವುದು ಎಂಬುದು ಇವರ ನಂಬಿಕೆ.

ಇದರ ಸೊಗಸಾದ ಉದಾಹರಣೆ ಎಂಬ್ರೇಸ್. ಅವಧಿಗೆ ಮುಂಚೆ ಹುಟ್ಟಿದ ಶಿಶುವನ್ನು ಬೆಚ್ಚಗಿಡುವ ಈ ಚೀಲ 2007ರಲ್ಲಿ ಸ್ಟ್ಯಾನ್‌ಫರ್ಡ್ ತರಗತಿಯಲ್ಲಿ ಹುಟ್ಟಿತು, ಆದರೆ ಅದನ್ನು ಪಕ್ವಗೊಳಿಸಲು ತಂಡ ಬೆಂಗಳೂರಿಗೆ ಬಂದು ನೆಲೆಸಿತು. ಮೊದಲು ಅದರ ಮೇಲೆ ಉಷ್ಣತೆಯ ಅಂಕಿ ಇತ್ತು. ಮಹಾರಾಷ್ಟ್ರದ ಹಳ್ಳಿಯೊಂದರ ತಾಯಿ, ಇಂಗ್ಲಿಷ್ ಔಷಧ ತೀಕ್ಷ್ಣವಾದ್ದರಿಂದ ಹೇಳಿದ್ದಕ್ಕಿಂತ ಕಡಿಮೆ ಕೊಡುತ್ತೇವೆ, ಇದರ ಬಿಸಿಯನ್ನೂ ಕಡಿಮೆಯೇ ಇಡುತ್ತೇನೆ ಎಂದಳಂತೆ. ತಂಡ ಅಂಕಿಯನ್ನೇ ತೆಗೆದು ‘ಸರಿ’ ಅಥವಾ ‘ಸರಿಯಿಲ್ಲ’ ಎಂದು ತೋರಿಸುವ ಸೂಚಕ ಹಾಕಿತು.

ನಮ್ಮ ಆ್ಯಪುಗಳ ತಂಡಗಳು ಈ ಪಾಠ ಕಲಿಯುವುದು ಬಾಕಿ ಇದೆ. ಕನ್ನಡದ ಪರದೆಯನ್ನು ಬಹುತೇಕ ಕೊನೆಯ ವಾರದಲ್ಲಿ ನೋಡುತ್ತಾರೆ. ಇಂಗ್ಲಿಷಿನ ಅಳತೆಗೆ ಕಟ್ಟಿದ ಗುಂಡಿಯಿಂದ ಕನ್ನಡದ ಪದ ಹೊರಗೆ ಚಾಚಿಕೊಳ್ಳುತ್ತದೆ, ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ರಿವ್ಯೂ ಸಭೆಯಲ್ಲಿ ಕನ್ನಡ ಓದಬಲ್ಲ ಒಬ್ಬರಿಗೆ ಇದನ್ನು ತಡೆಯುವ ಹಕ್ಕಿದ್ದರೆ ಮೊದಲ ವಾರದಲ್ಲೇ ಸರಿಹೋಗುವ ದೋಷ.

ಇನ್ನೂ ಬಗೆಹರಿಯದ ಸಂಗತಿಗಳು

ವಿನ್ಯಾಸದಿಂದ ಲಾಭವಿದೆ ಎಂಬುದನ್ನು ಅಳೆಯುವುದು ಹೇಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮೆಕಿನ್ಸಿ ಸಂಸ್ಥೆ 2018ರಲ್ಲಿ 300 ಕಂಪನಿಗಳ ಐದು ವರ್ಷಗಳ ಲೆಕ್ಕ ಇಟ್ಟು, ವಿನ್ಯಾಸಕ್ಕೆ ಬೆಲೆ ಕೊಟ್ಟವರ ಆದಾಯ ಹೆಚ್ಚು ಬೆಳೆಯಿತು ಎಂದಿತು. ಚೆನ್ನಾಗಿ ನಡೆಯುವ ಕಂಪನಿಗಳೇ ವಿನ್ಯಾಸಕ್ಕೆ ಹಣ ಹಾಕುತ್ತವೆಯೋ, ಹಣ ಹಾಕಿದ್ದರಿಂದ ಚೆನ್ನಾಗಿ ನಡೆದವೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಒಳ್ಳೆಯ ವಿನ್ಯಾಸಕಾರರು ಮ್ಯಾನೇಜರ್ ಆಗಲೇಬೇಕೇ ಎಂಬುದು ಇನ್ನೊಂದು. ಸಂಬಳದ ಏಣಿ ಹತ್ತಲು ಕಸುಬು ಬಿಟ್ಟು ಎಕ್ಸೆಲ್ ಹಾಳೆ ಹಿಡಿಯಬೇಕಾದರೆ ಗುರುವಿನ ಪಂಥ ತಾನಾಗಿ ಸಾಯುತ್ತದೆ. ಪೀಣ್ಯದ ಸಣ್ಣ ಘಟಕಗಳಲ್ಲಿ ಕಷ್ಟ ಬೇರೆ ಬಗೆಯದು. ಜಾಬ್ ವರ್ಕ್ ಮಾಡುವ ಮಾಲೀಕನಿಗೆ ಗಿರಾಕಿ ಕೊಡುವುದು ಕೆಲಸದ ದರ, ಆ ಕೆಲಸಕ್ಕೆ ಮೊದಲು ತಲೆ ಓಡಿಸಿದ್ದಕ್ಕೆ ಬೇರೆ ದರವಿಲ್ಲ.

ಎಐ ಬಂದಮೇಲೆ ಹೊಸ ಆತಂಕ ಸೇರಿದೆ. ಹತ್ತು ಬಗೆಯ ಕರಡು ಬರೆದು, ತಿದ್ದಿಸಿಕೊಂಡು ಕಿರಿಯರು ಕಣ್ಣು ಪಳಗಿಸಿಕೊಳ್ಳುತ್ತಿದ್ದರು. ಆ ಕರಡನ್ನು ಯಂತ್ರ ಕ್ಷಣದಲ್ಲಿ ಕೊಟ್ಟರೆ ನಾಳೆಯ ಲೀಡ್‌ಗಳು ಎಲ್ಲಿ ತಯಾರಾಗುತ್ತಾರೆ? 2020ರ ಲಾಕ್‌ಡೌನ್ ನಂತರ ಮನೆಯಿಂದಲೇ ಕೆಲಸ ಮಾಡುವ ತಂಡಗಳಲ್ಲೂ ಇದೇ ಚಿಂತೆ. ಏಕಾಂತದಲ್ಲಿ ಯೋಚನೆ ಚೆನ್ನಾಗಿ ಹುಟ್ಟುತ್ತದೆ ಎಂದು ಬ್ರೇನ್‌ಸ್ಟಾರ್ಮಿಂಗ್ ಸಂಶೋಧನೆ ಹೇಳುತ್ತದೆ, ಪಕ್ಕದಲ್ಲಿ ಕೂತು ಕಲಿಯುವುದಕ್ಕೆ ಬದಲಿಯಿಲ್ಲ ಎಂದು ಟೂಲ್ ರೂಮಿನ ಅನುಭವ ಹೇಳುತ್ತದೆ. ಎರಡೂ ನಿಜವಿರಬಹುದು. ವಾರದಲ್ಲಿ ಎಷ್ಟು ದಿನ ಆಫೀಸು ಎಂಬುದನ್ನು ಮಾತ್ರ ಸದ್ಯ ಎಚ್‌ಆರ್ ವಿಭಾಗ ತೀರ್ಮಾನಿಸುತ್ತಿದೆ.

ಮೇಲೆ ಹೆಸರಿಸಿದ ಸಂಶೋಧನೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪುಗಳ ತಂಡಗಳ ಮೇಲೆ ನಡೆದವು. ಇಲ್ಲಿನ ತಂಡಗಳ ಮೇಲೂ ನಡೆಯಬಹುದು: ವಿನ್ಯಾಸ ಸಂಶೋಧನೆಯ ವಿಧಾನದ ಬಗ್ಗೆ ಜಗತ್ತಿನ ವಿಶ್ವವಿದ್ಯಾಲಯಗಳು ಓದುವ ಪುಸ್ತಕ ಬರೆದವರಲ್ಲೊಬ್ಬರು, ಅಮರೇಶ್ ಚಕ್ರವರ್ತಿ, ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಎನ್‌ಐಡಿ ಪೀಣ್ಯದಿಂದ ಕೂಗಳತೆಯಲ್ಲಿದೆ. ಈ ಎರಡು ಸಂಸ್ಥೆಗಳು ಪೀಣ್ಯ ಕೈಗಾರಿಕೆಗಳ ಸಂಘದೊಂದಿಗೆ ಸೇರಿ ಒಂದು ವರ್ಷ ಕೆಲವು ಟೂಲ್ ರೂಮುಗಳಲ್ಲಿ, ಕೆಲವು ಜಿಸಿಸಿಗಳಲ್ಲಿ, ಕನ್ನಡದಲ್ಲೂ ಬರೆಯಬಹುದಾದ ದಿನಚರಿಗಳನ್ನು ಬರೆಸಲಿ. ಯಾವ ತೀರ್ಮಾನವನ್ನು ಯಾರು ಮಾಡಿದರು ಎಂಬ ಒಂದು ಕಾಲಂ ಅದರಲ್ಲಿ ತಪ್ಪದೆ ಇರಲಿ.